ಬಂದ ಓಲೆಯ ನಿಜವನ್ನು ತಿಳಿಯುವ ಬಗೆ

ನಮ್ಮ ಹಿರಿಯರು ಊರು ಬಿಟ್ಟು ಈ ಕಡೆಗೆ ಬಂದ ಕಾಲದಲ್ಲಿ, ಮನೆಗೆ ಅಂಚೆಯ ಕಾಗದ ಬಂದರೆ ಅದನ್ನು ಓದಿ ಹೇಳುವ ಕೆಲಸವು ಶಾಲೆಗೆ ಹೋಗುವ ಹುಡುಗನ ಪಾಲಿನದಾಗಿತ್ತು. ಇಂದು ಕಾಗದದ ಸ್ಥಾನವನ್ನು ಇ-ಮೇಲ್ ಹಿಡಿದಿದೆ. ಓದುವವರು ಮಾತ್ರ ಬದಲಾಗಿಲ್ಲ. ಮಗ್ಗದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ತಂದೆಯಾಗಲಿ, ಹೋಟೆಲಿನ ಗಲ್ಲೆಯಲ್ಲಿ ಕುಳಿತ ಚಿಕ್ಕಪ್ಪನಾಗಲಿ, ಮೊಬೈಲನ್ನು ಮುಂದಕ್ಕೆ ಚಾಚಿ “ಇದೇನು ಬಂದಿದೆ, ನೋಡಪ್ಪಾ” ಎಂದು ಕೇಳುವುದು ನಿಮ್ಮನ್ನೇ ಅಲ್ಲವೆ? ಹಾಗಿರಲು, ಓದುವುದನ್ನು ಕಲಿತ ಮೇಲೆ, ಓದಿದ ಓಲೆಯು ನಿಜವಾದುದೇ ಎಂಬುದನ್ನು ಅರಿಯುವ ವಿದ್ಯೆಯನ್ನೂ ನೀವು ಕಲಿಯಬೇಕಾಗಿದೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಹತ್ತನೆಯ ತರಗತಿಯನ್ನು ಮುಗಿಸಿ, ಭಿವಂಡಿಯ ಹೊರವಲಯದಲ್ಲಿ ಮಾಣಕೋಲಿಯ ಕಡೆಗೆ ಸಾಲಾಗಿ ನಿಂತಿರುವ ಗೋದಾಮುಗಳಲ್ಲಿ ಕೆಲಸ ಹುಡುಕುತ್ತಿದ್ದನು. ಒಂದು ದಿನ ಅವನಿಗೆ ಇ-ಮೇಲಿನಲ್ಲಿ ನೇಮಕದ ಪತ್ರ ಬಂತು. ಅದರ ತಲೆಯ ಮೇಲೆ ಒಂದು ದೊಡ್ಡ ಸಂಸ್ಥೆಯ ಲಾಂಛನವಿತ್ತು. ಕೆಳಗೆ ದುಂಡನೆಯ ಮೊಹರೂ ನೀಲಿ ಮಸಿಯ ಸಹಿಯೂ ಇದ್ದುವು. ಸಮವಸ್ತ್ರಕ್ಕೂ ಗುರುತಿನ ಚೀಟಿಗೂ ಎಂದು ೨,೪೦೦ ರೂಪಾಯಿಗಳನ್ನು ಮುಂಗಡವಾಗಿ ಕಳುಹಿಸಬೇಕೆಂದು ಬರೆದಿತ್ತು. ಹುಡುಗನು ಮೂಢನಲ್ಲ. ಅವನಿಗೂ ಸಂಶಯ ಬಂತು. ಪತ್ರದಲ್ಲಿ ಅಚ್ಚಾಗಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿ ವಿಚಾರಿಸಿದನು. ಆ ಕಡೆಯವರು ಬಹಳ ವಿನಯದಿಂದ, “ಹೌದು, ಅದು ನಮ್ಮದೇ ಪತ್ರ, ಇಂದೇ ಹಣ ಕಟ್ಟಿರಿ” ಎಂದರು. ತಾಯಿ ಮನೆಯಲ್ಲಿ ಗೊಂಡೆ ಕಟ್ಟಿ ಕೂಡಿಸಿಟ್ಟಿದ್ದ ಹಣ ಅಂದೇ ಹೋಯಿತು.

ಈ ಹುಡುಗನು ವಿಚಾರಿಸಲಿಲ್ಲವೆಂದು ಹೇಳುವಂತಿಲ್ಲ. ವಿಚಾರಿಸಿದ್ದು ಯಾರನ್ನು ಎಂಬುದೇ ಪ್ರಶ್ನೆ. ಅವನು ಓಲೆಯ ನಿಜವನ್ನು ಓಲೆಯನ್ನೇ ಕೇಳಿದನು. ಲಾಂಛನ, ಮೊಹರು, ಸಹಿ, ದೂರವಾಣಿ ಸಂಖ್ಯೆ ಇವೆಲ್ಲವೂ ಒಂದೇ ಕೈಯಿಂದ ಬಂದವು. ಸಾಕ್ಷಿಯು ಬೇರೆ ದಾರಿಯಿಂದ ಬರಬೇಕಾಗಿತ್ತು. ಈ ಒಂದು ಮಾತನ್ನು ಹಿಡಿದುಕೊಂಡು ಮುಂದಿನ ವಿಷಯವನ್ನು ನೋಡೋಣ.

ಓಲೆಯ ನಿಜವನ್ನು ಕಾಯುವ ಚಿಂತೆ ಹೊಸದೇನೂ ಅಲ್ಲ. ನಮ್ಮ ಭಿವಂಡಿ ತಾಲ್ಲೂಕಿನ ಭಾದಾಣೆ ಎಂಬ ಹಳ್ಳಿಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಠಾಣೆಯನ್ನು ರಾಜಧಾನಿಯಾಗಿ ಮಾಡಿಕೊಂಡು ಆಳುತ್ತಿದ್ದ ಶಿಲಾಹಾರ ವಂಶದ ಅಪರಾಜಿತನು ಶಕ ೯೧೯ರಲ್ಲಿ, ಎಂದರೆ ಕ್ರಿ.ಶ. ೯೯೭ರಲ್ಲಿ, ಆ ಹಳ್ಳಿಯನ್ನು ಲೋಣಾದಿತ್ಯ ದೇವರಿಗೆ ದಾನವಾಗಿ ಕೊಟ್ಟು ತಾಮ್ರಪಟ ಬರೆಯಿಸಿದನು. ನಮ್ಮ ಕನ್ನಡ ನಾಡಿನ ರಾಷ್ಟ್ರಕೂಟರನ್ನು ಚಾಲುಕ್ಯ ತೈಲಪನು ಸೋಲಿಸಿದ ಸಂಗತಿಯು ಆ ಶಾಸನದಲ್ಲಿ ವ್ಯಥೆಯಿಂದ ಹೇಳಲ್ಪಟ್ಟಿದೆ. ಸಾವಿರ ವರ್ಷಗಳ ಹಿಂದೆ ನಮ್ಮ ನೆರೆಯ ಒಂದು ಹಳ್ಳಿಯ ಒಡೆತನವು ಹೀಗೆ ಒಂದು ಓಲೆಯ ಮೇಲೆ ನಿಂತಿತ್ತು.

ಅಂದಿನ ತಾಮ್ರಪಟಗಳ ರಚನೆಯನ್ನು ಗಮನಿಸಿರಿ. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ಅವುಗಳ ಮೂಲಕ ಒಂದು ಬಳೆಯನ್ನು ಹಾಯಿಸಿ, ಬಳೆಯ ಎರಡು ತುದಿಗಳನ್ನೂ ಕೂಡಿಸಿದ ಕಡೆಯಲ್ಲಿ ರಾಜಮುದ್ರೆಯನ್ನು ಒತ್ತುತ್ತಿದ್ದರು. ಬಾದಾಮಿಯ ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ತಲಕಾಡಿನ ಗಂಗರಿಗೆ ಆನೆ. ಇದರಿಂದ ಎರಡು ಕೆಲಸಗಳಾಗುತ್ತಿದ್ದುವು. ಬರೆಯಿಸಿದವನು ಯಾರೆಂಬುದನ್ನು ಮುದ್ರೆಯು ಹೇಳುತ್ತಿತ್ತು; ನಡುವಣ ಹಲಗೆಯನ್ನು ಯಾರೂ ಕದ್ದು ಬದಲಾಯಿಸಿಲ್ಲವೆಂಬುದನ್ನು ಕತ್ತರಿಸದೆ ಉಳಿದ ಬಳೆಯು ಹೇಳುತ್ತಿತ್ತು. ವಿಜಯನಗರದ ಅರಸರ ಸಂಸ್ಕೃತ ತಾಮ್ರಪಟಗಳಲ್ಲಿಯೂ ಕೊನೆಗೆ “ಶ್ರೀ ವಿರೂಪಾಕ್ಷ” ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಒಪ್ಪವಿರುವುದುಂಟು. ಇಷ್ಟೆಲ್ಲ ಇದ್ದರೂ ಕಳ್ಳಶಾಸನಗಳು ಹುಟ್ಟದೆ ಇರಲಿಲ್ಲ. ಅವುಗಳಿಗೆ ಕೂಟಶಾಸನಗಳೆಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಎಂಬ ವಿದ್ವಾಂಸರು ಗಂಗರವೆನ್ನಲಾದ ಅನೇಕ ತಾಮ್ರಪಟಗಳನ್ನು ಲಿಪಿಯಿಂದಲೂ ತಿಥಿವಾರಗಳ ಲೆಕ್ಕದಿಂದಲೂ ಪರೀಕ್ಷಿಸಿ ಕೂಟವೆಂದು ಸಾರಿದರು; ರೈಸ್ ಅವರು ಅದನ್ನು ಒಪ್ಪದೆ ವಾದಿಸಿದರು. ಪಂಡಿತರ ಆ ಜಗಳ ಬಹುಕಾಲ ನಡೆಯಿತು. ಅದು ನಮಗೆ ಇಲ್ಲಿ ಬೇಕಾಗಿಲ್ಲ. ಫ್ಲೀಟರು ತಾಮ್ರಪಟದ ಮಾತನ್ನು ನಂಬದೆ, ಹೊರಗಿನ ಪಂಚಾಂಗದ ಲೆಕ್ಕವನ್ನು ಸಾಕ್ಷಿಗೆ ಕರೆದರೆಂಬುದಷ್ಟೇ ನಮಗೆ ಮುಖ್ಯ.

ಈಗ ಇ-ಮೇಲಿನ ಕಡೆಗೆ ಬರೋಣ. ಇ-ಮೇಲನ್ನು ಒಂದು ಗಣಕದಿಂದ ಇನ್ನೊಂದಕ್ಕೆ ಸಾಗಿಸುವ ನಿಯಮಾವಳಿಯನ್ನು ೧೯೮೨ರಲ್ಲಿ ಅಮೆರಿಕದ ಜೊನಾಥನ್ ಪೋಸ್ಟೆಲ್ ಎಂಬವರು ಬರೆದು ಪ್ರಕಟಿಸಿದರು. ಅಂದು ಅದನ್ನು ಬಳಸುತ್ತಿದ್ದವರು ಒಬ್ಬರನ್ನೊಬ್ಬರು ಬಲ್ಲ ಕೆಲವೇ ವಿದ್ವಾಂಸರು. ಆದುದರಿಂದ “ಇಂಥವರಿಂದ” ಎಂದು ಬರೆದ ಹೆಸರು ನಿಜವೇ ಎಂದು ಕೇಳುವ ಏರ್ಪಾಡನ್ನು ಅದರಲ್ಲಿ ಇಡಲಿಲ್ಲ. ಅಂಚೆಯ ಲಕೋಟೆಯ ಹಿಂಬದಿಯಲ್ಲಿ ಕಳುಹಿಸಿದವರ ವಿಳಾಸವೆಂದು ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಬರೆಯಬಹುದಷ್ಟೆ? ಇದೂ ಹಾಗೆಯೇ.

ಈ ಕೊರತೆಯನ್ನು ತುಂಬಲು ಮುಂದೆ ಮೂರು ಕಟ್ಟುಗಳನ್ನು ಹಾಕಿದರು. ಎಸ್‌ಪಿಎಫ್ ಎಂಬುದು ಒಂದು ಸಂಸ್ಥೆಯು “ನಮ್ಮ ಹೆಸರಿನ ಓಲೆಗಳನ್ನು ಇಂತಿಂಥ ಗಣಕಗಳೇ ತರುತ್ತವೆ” ಎಂದು ಬಹಿರಂಗವಾಗಿ ತೂಗುಹಾಕುವ ಪಟ್ಟಿ. ಡಿಕಿಮ್ ಎಂಬುದು ಕಳುಹಿಸುವ ಗಣಕವು ಓಲೆಗೆ ಒತ್ತುವ ಗಣಿತದ ಮುದ್ರೆ. ಡಿಮಾರ್ಕ್ ಎಂಬುದು, ಇವೆರಡರಲ್ಲಿ ಒಂದೂ ತಾಳೆಯಾಗದಿದ್ದರೆ ಓಲೆಯನ್ನು ಏನು ಮಾಡಬೇಕೆಂಬ ಆಜ್ಞೆ. ಜಿಮೇಲನ್ನು ಗಣಕದಲ್ಲಿ ತೆರೆದು, ಓಲೆಯ ಬಲಗಡೆಯ ಮೂರು ಚುಕ್ಕೆಗಳನ್ನು ಒತ್ತಿ, “ಷೋ ಒರಿಜಿನಲ್” ಎಂಬುದನ್ನು ಆರಿಸಿದರೆ, ಈ ಮೂರರ ಹೆಸರುಗಳೂ ಅವುಗಳ ಮುಂದೆ “ಪಾಸ್” ಅಥವಾ “ಫೇಲ್” ಎಂಬ ಮಾತೂ ಕಾಣುವುವು. ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಓಲೆಗಳನ್ನು ಕಳುಹಿಸುವವರಿಗೆ ಈ ಮೂರೂ ಇರಲೇಬೇಕೆಂದು ಗೂಗಲ್ ಸಂಸ್ಥೆಯು ೨೦೨೪ರ ಫೆಬ್ರವರಿಯಿಂದ ಕಟ್ಟುಪಾಡು ಮಾಡಿದೆ.

ಆದರೆ “ಪಾಸ್” ಎಂದಿರುವುದನ್ನು ನೋಡಿ ಹಿಗ್ಗಬೇಡಿರಿ. ಓಲೆಯು ಆ ವಿಳಾಸದಿಂದ ಹೊರಟದ್ದು ನಿಜ ಎಂಬುದಿಷ್ಟೇ ಅದರ ಅರ್ಥ. ಆ ವಿಳಾಸದವನು ಸಜ್ಜನನೆಂದು ಅರ್ಥವಲ್ಲ. ಕಳ್ಳನು ಬ್ಯಾಂಕಿನ ಹೆಸರನ್ನೇ ಹೋಲುವ ಬೇರೊಂದು ಹೆಸರನ್ನು ತನ್ನದಾಗಿ ಕೊಂಡುಕೊಂಡು, ಅದಕ್ಕೆ ಈ ಮೂರು ಕಟ್ಟುಗಳನ್ನೂ ಹಾಕಿದರೆ ಅವನ ಓಲೆಯೂ ತೇರ್ಗಡೆಯಾಗುವುದು! ಈ ಹೋಲಿಕೆಯ ಮೋಸವನ್ನು ನಿಮಗೆ ವಿವರಿಸುವುದು ಬಹಳ ಸುಲಭ. ಭಿವಂಡಿಯಲ್ಲಿ ನಮ್ಮ ನೆರೆಯ ತೆಲುಗು ನೇಕಾರರ ಅಂಗಡಿಯ ಫಲಕವನ್ನು ನೀವು ಎಷ್ಟೋ ಸಲ ಕನ್ನಡವೆಂದೇ ತಿಳಿದು ಓದಲು ತೊಡಗಿಲ್ಲವೆ? ಎರಡು ಲಿಪಿಗಳಲ್ಲಿಯೂ ಗಕಾರ, ಲಕಾರಗಳು ಬಹುಮಟ್ಟಿಗೆ ಒಂದೇ ರೂಪದವು. ಆದರೆ ಗಣಕದ ಲೆಕ್ಕದಲ್ಲಿ ಅವು ಬೇರೆ ಬೇರೆ ಅಕ್ಷರಗಳು. ನಮ್ಮ ಸೊನ್ನೆಗೂ ಅನುಸ್ವಾರಕ್ಕೂ ಕಣ್ಣಿಗೆ ಎಷ್ಟು ಭೇದವಿದೆ? ಇಂಗ್ಲಿಷಿನಲ್ಲಿಯೂ ಹಾಗೆಯೇ. ಚಿಕ್ಕ ಆರ್ ಮತ್ತು ಎನ್ ಅಕ್ಷರಗಳು ಒತ್ತಾಗಿ ನಿಂತರೆ ಎಮ್ ಅಕ್ಷರದಂತೆ ಕಾಣುವುವು. ಎಲ್ ಅಕ್ಷರವು ಒಂದು ಎಂಬ ಅಂಕಿಯಂತೆ ನಿಲ್ಲುವುದು. ರಷ್ಯನ್ ಲಿಪಿಯ ಅಕಾರವು ಇಂಗ್ಲಿಷಿನ ಎ ಅಕ್ಷರದ ಪಡಿಯಚ್ಚು. ಆದುದರಿಂದ ವಿಳಾಸವನ್ನು ಪದವಾಗಿ ಓದದೆ, ಅಕ್ಷರ ಅಕ್ಷರವಾಗಿ, ಅದೂ ಕೊನೆಯಿಂದ ಮೊದಲಿಗೆ ಓದುವ ಅಭ್ಯಾಸ ಒಳ್ಳೆಯದು. ಕೊನೆಯ ಭಾಗದಲ್ಲಿಯೇ ಒಡೆಯನ ಗುರುತಿರುವುದು. “ಗವ್ ಡಾಟ್ ಇನ್” ಎಂಬ ಕೊನೆಯು ಸರಕಾರದ ಕಚೇರಿಗಳಿಗಲ್ಲದೆ ಇತರರಿಗೆ ದೊರೆಯದು. ನಮ್ಮ ರಿಸರ್ವ್ ಬ್ಯಾಂಕು ದೇಶದ ಬ್ಯಾಂಕುಗಳೆಲ್ಲವೂ ತಮ್ಮ ಜಾಲತಾಣದ ವಿಳಾಸವನ್ನು ೨೦೨೫ರ ಅಕ್ಟೋಬರ್ ೩೧ರೊಳಗೆ “ಬ್ಯಾಂಕ್ ಡಾಟ್ ಇನ್” ಎಂಬ ಕೊನೆಗೆ ಬದಲಾಯಿಸಿಕೊಳ್ಳಬೇಕೆಂದು ಆಜ್ಞೆ ಮಾಡಿತು. ಬ್ಯಾಂಕಲ್ಲದವರಿಗೆ ಆ ಹೆಸರು ಸಿಕ್ಕದು.

ಇನ್ನು ಗಣಿತದ ಮುದ್ರೆ ಎಂದೆವಲ್ಲವೆ, ಅದು ಹೇಗೆ ಕೆಲಸ ಮಾಡುವುದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಾಗದ ಪೆನ್ಸಿಲುಗಳನ್ನು ಹಿಡಿದು ಕುಳಿತುಕೊಳ್ಳಿರಿ.

ಮೊದಲು, ಓಲೆಯ ಬೆರಳಚ್ಚು. ನಿಮ್ಮ ಅಜ್ಜಂದಿರು ಗುಣಾಕಾರವನ್ನು ಒಂಬತ್ತರ ತಾಳೆಯಿಂದ ಪರೀಕ್ಷಿಸುತ್ತಿದ್ದುದನ್ನು ಕೇಳಿರಬಹುದು. ೪೫೭೨ ಎಂಬ ಸಂಖ್ಯೆಯ ಅಂಕಿಗಳನ್ನು ಕೂಡಿದರೆ ೧೮. ಮತ್ತೆ ಕೂಡಿದರೆ ೯. ಇದು ಆ ಸಂಖ್ಯೆಯ ಗುರುತು. ಯಾರಾದರೂ ಅದನ್ನು ೪೫೮೨ ಎಂದು ತಿದ್ದಿದರೆ ಗುರುತು ೧ ಆಗುವುದು, ಕಳ್ಳತನ ಹೊರಬೀಳುವುದು. ಆದರೆ ೪೭೫೨ ಎಂದು ಅಂಕಿಗಳ ಸ್ಥಾನವನ್ನು ಪಲ್ಲಟ ಮಾಡಿದರೆ ಗುರುತು ೯ ಆಗಿಯೇ ಉಳಿಯುವುದು. ಈ ತಾಳೆಯನ್ನು ಮೋಸಗೊಳಿಸಬಹುದು. ಗಣಕಗಳು ಬಳಸುವ ಬೆರಳಚ್ಚಿಗೆ ಹ್ಯಾಶ್ ಎಂದು ಹೆಸರು. ಅವುಗಳಲ್ಲಿ ಷಾ-೨೫೬ ಎಂಬುದು ಎಷ್ಟೇ ದೊಡ್ಡ ಕಡತವನ್ನಾದರೂ ೬೪ ಚಿಹ್ನೆಗಳಿಗೆ ಇಳಿಸುವುದು. ಕಡತದಲ್ಲಿ ಒಂದು ಅಲ್ಪವಿರಾಮವನ್ನು ಅಳಿಸಿದರೂ ಆ ಚಿಹ್ನೆಗಳು ಗುರುತು ಸಿಗದಂತೆ ಬದಲಾಗುವುವು. ಒಂದೇ ಬೆರಳಚ್ಚಿನ ಎರಡು ಕಡತಗಳನ್ನು ಈವರೆಗೆ ಯಾರೂ ತೋರಿಸಿಲ್ಲ.

ಬೆರಳಚ್ಚೊಂದೇ ಸಾಲದು. ಕಳ್ಳನು ಕಡತವನ್ನು ತಿದ್ದಿ, ತಿದ್ದಿದುದರ ಬೆರಳಚ್ಚನ್ನೂ ತಾನೇ ಲೆಕ್ಕಹಾಕಿ ಅದೇ ಓಲೆಯಲ್ಲಿ ಬರೆದರೆ, ನಾವು ನೇಮಕದ ಪತ್ರದ ಹುಡುಗನಂತೆಯೇ ಮೋಸಹೋಗುವೆವು. ಬೆರಳಚ್ಚಿಗೆ ಮುದ್ರೆ ಬೀಳಬೇಕು. ಮುದ್ರೆಯನ್ನು ಒತ್ತಲು ಒಬ್ಬನಿಗೇ ಸಾಧ್ಯವಾಗಬೇಕು, ನೋಡಿ ತಿಳಿಯಲು ಎಲ್ಲರಿಗೂ ಸಾಧ್ಯವಾಗಬೇಕು. ಇಂಥ ಜೋಡಿ ಕೀಲಿಕೈಗಳ ಕಲ್ಪನೆಯನ್ನು ೧೯೭೬ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬವರು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಷಮೀರ್, ಏಡಲ್‌ಮನ್ ಎಂಬ ಮೂವರು ಅದಕ್ಕೆ ಒಂದು ಲೆಕ್ಕವನ್ನು ಕಂಡುಹಿಡಿದರು. ಆ ಲೆಕ್ಕವನ್ನು ಚಿಕ್ಕ ಸಂಖ್ಯೆಗಳಲ್ಲಿ ಮಾಡೋಣ.

ನಾವು ಎಲ್ಲರೂ ಕಾಣುವಂತೆ ಎರಡು ಸಂಖ್ಯೆಗಳನ್ನು ಶಾಲೆಯ ಫಲಕದಲ್ಲಿ ಬರೆಯುತ್ತೇವೆ: ೩೩ ಮತ್ತು ೩. ಇದು ಬಹಿರಂಗದ ಕೀಲಿಕೈ. ೭ ಎಂಬ ಮತ್ತೊಂದು ಸಂಖ್ಯೆಯನ್ನು ಯಾರಿಗೂ ಹೇಳದೆ ನಮ್ಮಲ್ಲಿಯೇ ಇಟ್ಟುಕೊಳ್ಳುತ್ತೇವೆ. ನಮ್ಮ ಓಲೆಯ ಬೆರಳಚ್ಚು ೪ ಎಂದಿಟ್ಟುಕೊಳ್ಳಿರಿ. ೪ನ್ನು ಏಳು ಸಲ ಬರೆದು ಗುಣಿಸಿದರೆ ೧೬,೩೮೪. ಅದನ್ನು ೩೩ರಿಂದ ಭಾಗಿಸಿದರೆ ಭಾಗಲಬ್ಧ ೪೯೬, ಶೇಷ ೧೬. ಈ ೧೬ ಎಂಬುದೇ ನಮ್ಮ ಮುದ್ರೆ. ಅದನ್ನು ಓಲೆಯೊಡನೆ ಕಳುಹಿಸುತ್ತೇವೆ. ಓಲೆಯನ್ನು ಪಡೆದ ನೀವು ೧೬ನ್ನು ಮೂರು ಸಲ ಬರೆದು ಗುಣಿಸಿರಿ: ೪,೦೯೬. ೩೩ರಿಂದ ಭಾಗಿಸಿರಿ: ಭಾಗಲಬ್ಧ ೧೨೪, ಶೇಷ ೪. ನಿಮ್ಮ ಕೈಗೆ ಬಂದ ಓಲೆಯ ಬೆರಳಚ್ಚನ್ನು ನೀವೇ ಲೆಕ್ಕಹಾಕಿದಾಗ ಅದೂ ೪ ಆದರೆ, ಓಲೆ ನಮ್ಮದು, ಮತ್ತು ದಾರಿಯಲ್ಲಿ ಯಾರೂ ತಿದ್ದಿಲ್ಲ. ನಡುವೆ ಯಾರೋ ತಿದ್ದಿದುದರಿಂದ ಬೆರಳಚ್ಚು ೫ ಆಗಿದ್ದರೆ ತಾಳೆ ತಪ್ಪುವುದು. ತಾಮ್ರಪಟದ ಮುದ್ರೆಯೂ ಬಳೆಯೂ ಮಾಡುತ್ತಿದ್ದ ಎರಡು ಕೆಲಸಗಳನ್ನು ಇಲ್ಲಿ ಒಂದು ಶೇಷವೇ ಮಾಡಿತು.

ಜಾಣ ವಿದ್ಯಾರ್ಥಿಯು ಇಲ್ಲಿ ಕೈಯೆತ್ತಿ, “೩೩ ಎಂದರೆ ೩ ಮತ್ತು ೧೧ರ ಗುಣಲಬ್ಧ, ಅದರಿಂದ ೭ನ್ನು ಕಂಡುಹಿಡಿಯಬಹುದಲ್ಲ?” ಎಂದು ಕೇಳುವನು. ನಿಜ. ಎರಡರಲ್ಲಿಯೂ ಒಂದೊಂದು ಕಳೆದು ಗುಣಿಸಿದರೆ ೨೦. ೩ರೊಡನೆ ಗುಣಿಸಿ ೨೦ರಿಂದ ಭಾಗಿಸಿದಾಗ ೧ ಉಳಿಯುವ ಸಂಖ್ಯೆ ೭. ಆದರೆ ನಿಜವಾದ ಮುದ್ರೆಗಳಲ್ಲಿ ೩೩ರ ಸ್ಥಾನದಲ್ಲಿ ಆರು ನೂರಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಯಿರುತ್ತದೆ. ಅಂಥದನ್ನು ಅದರ ಎರಡು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಲು ಇಂದಿನ ಯಾವ ಗಣಕಕ್ಕೂ ಸಾಧ್ಯವಾಗಿಲ್ಲ. ೧೯೯೧ರಲ್ಲಿ ಫಿಲ್ ಜಿಮ್ಮರ್‌ಮನ್ ಎಂಬವರು ಪಿಜಿಪಿ ಎಂಬ ಸಾಧನವನ್ನು ರಚಿಸಿ, ಈ ಮುದ್ರೆಯನ್ನು ಸಾಮಾನ್ಯ ಜನರ ಇ-ಮೇಲಿಗೂ ತಂದರು.

ಬಹಿರಂಗದ ಕೀಲಿಕೈಯು ಇಂಥವರದೇ ಎಂದು ಹೇಳುವವರು ಯಾರು? ಕಳ್ಳನು ತನ್ನದೊಂದು ಸಂಖ್ಯೆಯನ್ನು ಬರೆದು ಅದು ನಮ್ಮದೆಂದು ಸಾರಬಹುದಲ್ಲವೆ? ಇದಕ್ಕಾಗಿ ನಮ್ಮ ದೇಶದಲ್ಲಿ ೨೦೦೦ದ ಅಕ್ಟೋಬರ್ ೧೭ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಪ್ರಮಾಣಪತ್ರ ಕೊಡುವ ಸಂಸ್ಥೆಗಳನ್ನೂ ಅವುಗಳ ಮೇಲೆ ಒಬ್ಬ ನಿಯಂತ್ರಕನನ್ನೂ ಏರ್ಪಡಿಸಿತು. ಇದರ ಫಲವನ್ನು ನಿಮ್ಮ ಮನೆಯಲ್ಲಿಯೇ ನೋಡಬಹುದು. ಇಳಿಸಿಕೊಂಡ ಇ-ಆಧಾರ್ ಪತ್ರವನ್ನು ಗಣಕದಲ್ಲಿ ಅಡೋಬಿ ರೀಡರಿನಿಂದ ತೆರೆದರೆ, ಅಂಕಿತದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಕಾಣುವುದುಂಟು. ಅದರ ಮೇಲೆ ಬಲಗುಂಡಿಯನ್ನು ಒತ್ತಿ “ವ್ಯಾಲಿಡೇಟ್ ಸಿಗ್ನೇಚರ್” ಎಂಬುದನ್ನು ಆರಿಸಿ, ಪ್ರಮಾಣಪತ್ರವನ್ನು ತೆರೆದು, ಅದು ಪ್ರಾಧಿಕಾರದ ಹೆಸರಿನಲ್ಲಿದೆಯೇ ಎಂದು ಓದಿ, ಆ ಬಳಿಕ ನಂಬಿಕೆಯ ಪಟ್ಟಿಗೆ ಸೇರಿಸಿದರೆ, ಪ್ರಶ್ನೆ ಹೋಗಿ ಹಸಿರು ಗುರುತು ಬರುವುದು. ಅನೇಕರು ಹೆಸರನ್ನು ಓದದೆಯೇ ಗುಂಡಿಗಳನ್ನು ಒತ್ತುತ್ತಾರೆ. ಅಂಥ ಪರೀಕ್ಷೆಗೆ ಬೆಲೆಯಿಲ್ಲ. ಹಸಿರು ಗುರುತಿನ ಚಿತ್ರವನ್ನು ಕಾಗದಕ್ಕೆ ಅಂಟಿಸಿ ಕಳುಹಿಸುವವರೂ ಇದ್ದಾರೆ. ಚಿತ್ರವು ಮುದ್ರೆಯಲ್ಲ. ಮುದ್ರಿಸಿದ ಪ್ರತಿಯಲ್ಲಿಯಾಗಲಿ, ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರದಲ್ಲಿಯಾಗಲಿ ಈ ಗಣಿತದ ಅಂಕಿತವು ಉಳಿಯದು. ಅಂಕಪಟ್ಟಿಯಂಥ ಪತ್ರಗಳನ್ನು ಯಾರೋ ಕಳುಹಿಸಿದ ಪ್ರತಿಯಿಂದ ನಂಬುವುದಕ್ಕಿಂತ, ೨೦೧೫ರಲ್ಲಿ ಆರಂಭವಾದ ಡಿಜಿಲಾಕರಿನಿಂದ ನೇರವಾಗಿ ಪಡೆಯುವುದು ಮೇಲು.

ಮುದ್ರೆಯು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಒತ್ತುವ ಉಂಗುರವೇ ಕಳುವಾದರೇನು? ಮುಮ್ಮಡಿ ಕೃಷ್ಣರಾಜರ ಕಾಲದಲ್ಲಿ, ೧೮೨೩ರಲ್ಲಿ, ಕೆಂಪುನಾರಾಯಣನು ಕನ್ನಡ ಗದ್ಯದಲ್ಲಿ ರಚಿಸಿದ ‘ಮುದ್ರಾಮಂಜೂಷ’ದ ಕಥೆ ಇದೇ ಆಗಿದೆ. ಅದಕ್ಕೆ ಮೂಲ ವಿಶಾಖದತ್ತನ ‘ಮುದ್ರಾರಾಕ್ಷಸ’. ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರುತ್ತದೆ. ರಾಕ್ಷಸನ ಆಪ್ತನಾದ ಶಕಟದಾಸನಿಂದ, ಉದ್ದೇಶವನ್ನು ತಿಳಿಸದೆ, ಒಂದು ಓಲೆಯನ್ನು ಬರೆಯಿಸಿ ಅದಕ್ಕೆ ಆ ಮುದ್ರೆಯನ್ನು ಒತ್ತಲಾಗುತ್ತದೆ. ಓಲೆ ಸಿಕ್ಕಿದಾಗ ಮಲಯಕೇತುವು ಅವಸರಪಡುವುದಿಲ್ಲ. ಶಕಟದಾಸನ ಬೇರೆ ಬರೆಹವನ್ನು ತರಿಸಿ ಅಕ್ಷರವನ್ನು ಹೋಲಿಸುತ್ತಾನೆ. ಅಕ್ಷರವೂ ನಿಜ, ಮುದ್ರೆಯೂ ನಿಜ. ಓಲೆ ಮಾತ್ರ ಸುಳ್ಳು. ಅವನು ತನ್ನ ನಿಷ್ಠಾವಂತ ಮಂತ್ರಿಯನ್ನೇ ಕಳೆದುಕೊಳ್ಳುತ್ತಾನೆ. ಇಂದು ನಿಮ್ಮ ಗೆಳೆಯನ ಗುಪ್ತಪದವನ್ನು ಕದ್ದವನು ಅವನ ನಿಜವಾದ ವಿಳಾಸದಿಂದಲೇ “ಆಸ್ಪತ್ರೆಯಲ್ಲಿದ್ದೇನೆ, ಹಣ ಕಳುಹಿಸು” ಎಂದು ಬರೆದರೆ ಆಗುವುದೂ ಇದೇ. ಮಲಯಕೇತುವು ಎಲ್ಲವನ್ನೂ ಪರೀಕ್ಷಿಸಿದನು. ರಾಕ್ಷಸನನ್ನು ಮಾತ್ರ ಮೊದಲೇ ಏಕಾಂತದಲ್ಲಿ ಕರೆದು ಕೇಳಲಿಲ್ಲ. ನೀವು ಗೆಳೆಯನ ಮನೆಗೆ ಹೋಗಬಹುದು; ನಿಮಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ಕರೆ ಮಾಡಬಹುದು.

ಲಗತ್ತಿನ ವಿಷಯವಾಗಿ ಎರಡು ಮಾತು. ೨೦೦೦ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್ ದೇಶದಿಂದ ಹೊರಟ “ಐ ಲವ್ ಯೂ” ಎಂಬ ಓಲೆಯು ಕೆಲವೇ ದಿನಗಳಲ್ಲಿ ಲಕ್ಷಾಂತರ ಗಣಕಗಳನ್ನು ಕೆಡಿಸಿತು. ಅದರ ಲಗತ್ತಿನ ಹೆಸರಿಗೆ ಎರಡು ಬಾಲಗಳಿದ್ದುವು: ಮೊದಲನೆಯದು ಸಾಮಾನ್ಯ ಬರೆಹವೆಂದು ಹೇಳುವ “ಟಿಎಕ್ಸ್‌ಟಿ”, ಕೊನೆಯದು ಗಣಕಕ್ಕೆ ಆಜ್ಞೆ ಮಾಡುವ “ವಿಬಿಎಸ್”. ವಿಂಡೋಸ್ ಕೊನೆಯ ಬಾಲವನ್ನು ಮರೆಮಾಡಿ ತೋರಿಸುತ್ತಿದ್ದುದರಿಂದ ಜನರು ಅದನ್ನು ಪ್ರೇಮಪತ್ರವೆಂದೇ ತೆರೆದರು. ಮೇಲಾಗಿ, ಅದು ತೆರೆದವರ ವಿಳಾಸಪುಸ್ತಕದಲ್ಲಿದ್ದವರಿಗೆಲ್ಲ ಅವರ ಹೆಸರಿನಲ್ಲಿಯೇ ಹೋಗುತ್ತಿತ್ತು. ಇಂದು ಮೊಬೈಲಿಗೆ ಮದುವೆಯ ಕರೆಯೋಲೆಯೆಂಬ ಹೆಸರಿನಲ್ಲಿ “ಎಪಿಕೆ” ಎಂಬ ಬಾಲದ ಕಡತಗಳು ಬರುತ್ತಿವೆ. ಕರೆಯೋಲೆಗೆ ಚಿತ್ರ ಸಾಕು. ಎಪಿಕೆ ಎಂಬುದು ಮೊಬೈಲಿನೊಳಗೆ ನೆಲೆಸಿ ಕೆಲಸ ಮಾಡುವ ಯಂತ್ರ. ಅದನ್ನು ತೆರೆಯಕೂಡದು. ಹಣ ಹೋದುದು ತಿಳಿದ ಕ್ಷಣವೇ ೧೯೩೦ ಎಂಬ ಸಂಖ್ಯೆಗೆ ದೂರು ಕೊಡತಕ್ಕದ್ದು. ತಡಮಾಡಿದಷ್ಟೂ ಹಣವು ಖಾತೆಯಿಂದ ಖಾತೆಗೆ ದಾಟಿಹೋಗುವುದು.

ಓಲೆಯನ್ನು ಪಡೆಯುವವರಿಗಷ್ಟೇ ಬುದ್ಧಿ ಹೇಳಿ ಮುಗಿಸುವುದು ನ್ಯಾಯವಲ್ಲ. ಕಳುಹಿಸುವವರಿಗೂ ಕರ್ತವ್ಯವುಂಟು. ನಾಳೆ ನಿಮ್ಮಲ್ಲಿ ಕೆಲವರು ನೂಲಿನ ಅಂಗಡಿಯಲ್ಲಿಯೋ, ಗೋದಾಮಿನ ಕಚೇರಿಯಲ್ಲಿಯೋ ಕುಳಿತು ಲೆಕ್ಕದ ಚೀಟಿಗಳನ್ನು ಕಳುಹಿಸುವಿರಿ. ಯಾವ ವಿಳಾಸದಿಂದ ಬರೆಯುವಿರಿ, ಯಾವ ಖಾತೆಗೆ ಹಣ ಕೇಳುವಿರಿ ಎಂಬುದನ್ನು ಗಿರಾಕಿಗೆ ಮುಖತಃ ಒಮ್ಮೆ ಹೇಳಿ, ಕಾಗದದಲ್ಲಿ ಬರೆದು ಕೊಟ್ಟಿರಿ. ಖಾತೆ ಬದಲಾದರೆ ಇ-ಮೇಲಿನಲ್ಲಿ ಮಾತ್ರ ತಿಳಿಸಿ ಸುಮ್ಮನಾಗಬೇಡಿರಿ, ದೂರವಾಣಿಯಲ್ಲಿಯೂ ಹೇಳಿರಿ. ಮುಖ್ಯವಾದ ಕಡತವಾದರೆ ಅಂಕಿತವನ್ನು ಹಾಕಿರಿ. ಅದು ಆಗದಿದ್ದರೆ ಅದರ ಬೆರಳಚ್ಚಿನ ೬೪ ಚಿಹ್ನೆಗಳನ್ನು ಬೇರೆ ದಾರಿಯಿಂದ ತಲಪಿಸಿರಿ. ವಿಂಡೋಸ್ ಗಣಕಗಳಲ್ಲಿ ‘ಸರ್ಟ್‌ಯುಟಿಲ್’ ಎಂಬ ಸಾಧನವು ಆ ಬೆರಳಚ್ಚನ್ನು ಬರೆದು ತೋರಿಸುತ್ತದೆ. ಯಾರಾದರೂ ಕರೆ ಮಾಡಿ “ಇದು ನಿಮ್ಮದೇ ಓಲೆಯೆ?” ಎಂದು ಕೇಳಿದರೆ ಸಿಡುಕಬೇಡಿರಿ.

ನೇಮಕದ ಪತ್ರದ ಹುಡುಗನಿಗೆ ನಾಲ್ಕು ತಿಂಗಳ ತರುವಾಯ ಇನ್ನೊಂದು ಓಲೆ ಬಂತು. ಅದರಲ್ಲಿ ಲಾಂಛನವಿರಲಿಲ್ಲ, ಮೊಹರಿರಲಿಲ್ಲ. ಅವನ ಹೆಸರನ್ನೇ ತಪ್ಪಾಗಿ ಬರೆದಿದ್ದರು. ತಾಯಿ ಅದನ್ನು ಅಳಿಸಿಬಿಡೆಂದಳು. ಅವನು ಅಳಿಸದೆ, ಉತ್ತರವನ್ನೂ ಬರೆಯದೆ, ಹಂಚಿಕೆಯ ರಿಕ್ಷಾ ಹತ್ತಿ ಗೋದಾಮಿನ ಬಾಗಿಲಿಗೆ ಹೋದನು. ಕಾವಲುಗಾರನು ಒಳಗೆ ಬಿಟ್ಟನು. ಗುಮಾಸ್ತನು ಪಟ್ಟಿಯನ್ನು ತೆಗೆದು ನೋಡಿ, ಓಲೆ ತಮ್ಮದೇ ಎಂದು ಹೇಳಿ, ಸೋಮವಾರದಿಂದ ಬರುವಂತೆ ತಿಳಿಸಿ, ಹೆಸರಿನಲ್ಲಿದ್ದ ತಪ್ಪನ್ನು ಅಲ್ಲಿಯೇ ತಿದ್ದಿಕೊಂಡನು.